ಬೆರಳಿಗೆ ರಜೆ

ಅಂತರಘಟ್ಟಮ್ಮ ಮೂರು ದಿನದಿಂದ ಅಡಿಕೆ ಸುಲಿಯಲು ಹೋಗಿರಲಿಲ್ಲ. ಮೈ ಹುಷಾರಿಲ್ಲ ಅಂತಲ್ಲ, ಬೆರಳಿಗೆ ರಜೆ ಕೊಟ್ಟಿದ್ದಳು. ನಲ್ಲೂರಿನ ಆಸುಪಾಸಿನಲ್ಲಿ ಸುಲಿಯುವ ಹೆಂಗಸರೆಲ್ಲ ಮಾಡುವುದು ಹೀಗೇ. ಕೊಯ್ಲು ಶುರುವಾದರೆ ಸಿಪ್ಪೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತು ಕೂತು ಹೆಬ್ಬೆರಳಿನ ಗೆರೆಗಳೇ ಸವೆದುಹೋಗುತ್ತವೆ, ರೇಷನ್ ಅಂಗಡಿಯ ಮಿಷನ್ನಿಗೆ ಗುರುತು ಸಿಗುವುದಿಲ್ಲ. ಅದಕ್ಕೇ ರೇಷನ್ ವಾರ ಬಂತೆಂದರೆ ಕೂಲಿ ಬಿಟ್ಟು, ಅಡಿಕೆಯ ಕಲೆಗೆ ನಿಂಬೆಹಣ್ಣು ತಿಕ್ಕಿ, ಕೊಬ್ಬರಿ ಎಣ್ಣೆ ಹಚ್ಚಿ, ಬೆರಳನ್ನು ಬಾಣಂತಿಯ ಹಾಗೆ ಜೋಪಾನ ಮಾಡುತ್ತಾರೆ. ತಪ್ಪೆಲ್ಲ ತಮ್ಮ ಬೆರಳಿನದೇ ಅಂತ ಪಾಪ, ಅವರ ನಂಬಿಕೆ.

ಈ ಸಲ ಅವಳು ಬೆಳಗ್ಗೆಯೇ ಬಂದು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದಳು. ಎರಡು ತಿಂಗಳಿಂದ ಅಕ್ಕಿ ಸಿಕ್ಕಿಲ್ಲ. ಮೂರನೇ ತಿಂಗಳೂ ಎತ್ತದಿದ್ದರೆ ಕಾರ್ಡೇ ರದ್ದು ಅಂತ ಅಂಗಡಿಯ ನಾಗೇಂದ್ರಪ್ಪ ಹೇಳಿದ್ದ. ಇವತ್ತು ತಿಂಗಳ ಕೊನೇ ದಿನ. ಕಾರ್ಡು ಹೋದರೆ ಏನಾಗುತ್ತದೆಂದು ಅವಳು ಕಣ್ಣಾರೆ ಕಂಡಿದ್ದಳು. ಪಕ್ಕದ ಮನೆಯ ದೊಡ್ಡಕ್ಕನ ಕಾರ್ಡು ಕಳೆದ ವರ್ಷ ಬೆರಳು ಬಾರದೆ ಹೀಗೇ ಹೋಯಿತು. ಯಾರ ಮುಂದೂ ಕೈಚಾಚದ ಆ ಒಂಟಿ ಹೆಂಗಸು ಸ್ವಲ್ಪ ದಿನ ಗಂಜಿ ಕುಡಿದು ನೋಡಿ, ಕೊನೆಗೆ ಬಾಗಿಲಿಗೆ ಬೀಗ ಜಡಿದು ಜಗಳೂರಿನ ಮಗಳ ಮನೆಗೆ ಬಸ್ಸು ಹತ್ತಿದಳು. “ಅಳಿಯನ ಮನೆ ಅನ್ನ ಗಂಟಲಾಗೆ ಇಳಿಯಾಕಿಲ್ಲ ಕಣೇ,” ಅಂದು ಅತ್ತಿದ್ದಳು.

ಮಿಷನ್ನಿನ ಮೇಲೆ ಹೆಬ್ಬೆರಳಿಟ್ಟಳು. ಕೆಂಪು ದೀಪ. ಸೆರಗಿಗೆ ಒರೆಸಿ ಮತ್ತೆ ಇಟ್ಟಳು. ಕೆಂಪೇ.

“ಬರಾಕಿಲ್ಲ ಕಣಮ್ಮ. ಚನ್ನಗಿರಿಗೆ ಹೋಗಿ ಆಧಾರ್ ಸರಿ ಮಾಡಿಸ್ಕೊಂಡು ಬಾ,” ಅಂದ ನಾಗೇಂದ್ರಪ್ಪ, ತಲೆಯನ್ನೂ ಎತ್ತದೆ.

“ಎರಡು ಸಲ ಹೋಗಿ ಬಂದೀನ್ರೀ. ಅಲ್ಲೂ ಬೆರಳು ಬರಾಕಿಲ್ಲ, ಹದಿನೈದು ದಿನ ಕೆಲಸ ಬಿಡು ಅಂತಾರೆ. ಅಲ್ಲೀಗಂಟ ಏನು ತಿನ್ಲಿ?”

“ನನ್ನ ಕೇಳಿದ್ರೆ? ಮಿಷನ್ ನಾನು ಮಾಡೀನೇನು? ಮುಂದಿನೋರು ಬರ್ರಿ.”

ಮುಂದಿನೋರಂತೆ! ಅಂತರಘಟ್ಟಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಗೋಡೆಗೆ ಅಂಗೈ ಬೀಸಿ ಹೊಡೆದಳು. ಮೊಳೆಗೆ ನೇತುಹಾಕಿದ್ದ ಕ್ಯಾಲೆಂಡರು ಕಳಚಿ ಬಿತ್ತು. ಅದರ ಹಿಂದೆ, ಹಳದಿಗಟ್ಟಿದ ಒಂದು ಹಾಳೆ ಅಂಟಿಸಿತ್ತು.

ಏಳನೇ ಕ್ಲಾಸು ಓದಿದವಳು ಅವಳು. ಬೆರಳಿಟ್ಟು, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಿದಳು. “ಬೆರಳಚ್ಚು ಹೊಂದಿಕೆಯಾಗದ ಕಾರಣಕ್ಕೆ ಯಾರಿಗೂ ಪಡಿತರ ನಿರಾಕರಿಸತಕ್ಕದ್ದಲ್ಲ. ಕಾರ್ಡು ನೋಡಿ, ಪುಸ್ತಕದಲ್ಲಿ ಸಹಿ ಪಡೆದು ವಿತರಿಸುವುದು.” ಕೆಳಗೆ ಮೊಹರು, ತಾರೀಖು. ನಾಲ್ಕು ವರ್ಷ ಹಿಂದಿನದು.

ನಾಲ್ಕು ವರ್ಷ! ಪ್ರತಿ ಕೊಯ್ಲಿನಲ್ಲೂ ಕೂಲಿ ಬಿಟ್ಟು ಬೆರಳಿಗೆ ಎಣ್ಣೆ ತಿಕ್ಕಿದ್ದು, ಚನ್ನಗಿರಿಗೆ ಅಲೆದದ್ದು, ಎಲ್ಲ ಈ ಹಾಳೆ ಇಲ್ಲಿ ಅಂಟಿಕೊಂಡಿದ್ದಾಗಲೇ ನಡೆದಿತ್ತು. ದೊಡ್ಡಕ್ಕ ಬಂದು ಕಣ್ಣೀರಿಟ್ಟು ಹೋದ ದಿನವೂ ಇದು ಇಲ್ಲೇ ಇತ್ತು.

“ಇದೇನ್ರೀ ನಾಗೇಂದ್ರಪ್ಪನೋರೆ?”

“ಅದಾ… ಅದು ಬರೆಯೋ ಕೆಲಸ ಜಾಸ್ತಿ ಕಣಮ್ಮ,” ಅವನು ಕತ್ತು ತುರಿಸಿಕೊಂಡ. “ಒಬ್ಬೊಬ್ಬರಿಗೂ ಒಂದೊಂದು ಹಾಳೆ ತುಂಬಬೇಕು. ಮೇಲಿನೋರು ಯಾಕೆ ಏನು ಅಂತ ನೂರೆಂಟು ಕೇಳ್ತಾರೆ. ಯಾರಿಗೆ ಬೇಕು ರಗಳೆ?”

ಕೇಳಿದಿರಲ್ಲ? ಒಬ್ಬ ಮನುಷ್ಯನಿಗೆ ಒಂದು ಹಾಳೆ ತುಂಬಲು ಬೇಜಾರು, ಅದಕ್ಕೆ ಒಂದು ಮನೆಯ ಒಲೆ ಆರಿತು.

“ತುಂಬ್ರಿ,” ಅಂದಳು ಅಂತರಘಟ್ಟಮ್ಮ. ಸಾಲಿನ ಹೆಂಗಸರು ಒಬ್ಬರೂ ಅವಳನ್ನು ದಾಟಿ ಮುಂದೆ ಬರಲಿಲ್ಲ. ನಾಗೇಂದ್ರಪ್ಪ ಧೂಳು ಕೊಡವಿ ಪುಸ್ತಕ ತೆಗೆದ. ಅವಳು ತನ್ನ ಉದ್ದನೆಯ ಹೆಸರನ್ನು ಒಂದೊಂದೇ ಅಕ್ಷರವಾಗಿ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತಗೊಂಡು ಬರೆದಳು. ಅಕ್ಕಿ ಅಳೆದದ್ದಾಯಿತು.

“ದೊಡ್ಡಕ್ಕಂದು?”

“ಆಕೆ ಕಾರ್ಡು ರದ್ದಾಗಿ ಒಂದು ವರ್ಷ ಆತಲ್ಲಮ್ಮ. ನಾನೇನು ಮಾಡಾಕೆ ಆಗುತ್ತೆ?”

ಅಂತರಘಟ್ಟಮ್ಮ ಗೋಡೆಯ ಕಡೆ ತಿರುಗಿದಳು. ಹಾಳೆಯ ಅಂಚಿಗೆ ಉಗುರು ಹಾಕಿ, ಅಡಿಕೆ ಸುಲಿದಷ್ಟೇ ನಾಜೂಕಾಗಿ, ಹರಿಯದಂತೆ ಗೋಡೆಯಿಂದ ಕಿತ್ತಳು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಏ, ಅದು ಸರ್ಕಾರದ್ದು! ಎಲ್ಲಿಗೆ ತಗೊಂಡು ಹೋಗ್ತೀಯ?”

“ಜಗಳೂರಿಗೆ. ನಾಳೆ ದೊಡ್ಡಕ್ಕನ್ನ ಕರ್ಕೊಂಡು ಬರ್ತೀನಿ. ಆವಾಗ ಇದನ್ನ ನೀವು ಓದ್ರಿ, ಆಕೆ ಮುಖ ನೋಡ್ಕೊಂಡು.”