ಮೂರನೇ ಕೋಣೆಯ ಚಿತ್ರ

ತಮ್ಮನ ಚಿತ್ರಪ್ರದರ್ಶನಕ್ಕೆಂದು ಅಮ್ಮ ಮಧ್ಯಾಹ್ನದ ಊಟ ಮುಗಿದ ಕೂಡಲೇ ತಯಾರಾಗಿ ಕೂತಿದ್ದಳು. ಶಾಲೆಯ ಹೆಡ್‌ಮಿಸ್ ಆಗಿ ನಿವೃತ್ತಳಾದವಳು. ಕಸದ ಬುಟ್ಟಿ ಹೊರಗಿಡಲು ಹೋಗುವಾಗಲೂ ತಲೆ ಬಾಚಿಕೊಂಡೇ ಹೋಗುವವಳು. ಹಿಂದಿನ ವರ್ಷ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲೆಲ್ಲ ಉದುರಿದಾಗ, ಪಕ್ಕದ ಮನೆಯವರ ಕಣ್ಣಿಗೂ ಬೀಳದ ಹಾಗೆ ಕೋಣೆ ಸೇರಿಬಿಟ್ಟಿದ್ದಳು. ಆ ಕೋಣೆಗೆ ಹೋಗುತ್ತಿದ್ದವರು ನಾನು, ತಮ್ಮ ಇಬ್ಬರೇ.

ಪ್ರದರ್ಶನವಿದ್ದ ಬೀದಿಯ ಹಳೆಯ ಗೋದಾಮುಗಳೆಲ್ಲ ಈಗ ಗ್ಯಾಲರಿಗಳಾಗಿದ್ದವು. ನಡುನಡುವೆ ಹೋಟೆಲು, ಬಾರು, ರಸ್ತೆಗೇ ಬಂದ ಮೇಜು ಕುರ್ಚಿಗಳು. ಸಂಜೆಯ ದೀಪ ಹತ್ತುವ ಹೊತ್ತು. ಎಲ್ಲೋ ಯಾರೋ ಡ್ರಮ್ ಬಾರಿಸಿ ನೋಡುತ್ತಿದ್ದರು. ಒಂದು ಗೋಡೆಯ ತುಂಬ ಬಿಡಿಸಿದ ದೊಡ್ಡ ಮೀನು.

"ಮೀನಿಗೆ ಕಣ್ರೆಪ್ಪೆ ಬರೆದಿದ್ದಾರಲ್ಲೇ! ನನ್ನ ಕ್ಲಾಸಲ್ಲಾಗಿದ್ರೆ ಕಿವಿ ಹಿಂಡ್ತಿದ್ದೆ" ಎಂದು ಅಮ್ಮ ನಕ್ಕಳು. ಎಷ್ಟೋ ದಿನದ ಮೇಲೆ ಅವಳ ನಗು ಕೇಳಿದ್ದೆ.

ಗ್ಯಾಲರಿಯ ಮೊದಲೆರಡು ಕೋಣೆಗಳಲ್ಲಿ ದೋಣಿ, ಸೇತುವೆ, ಛಾವಣಿಗಳ ಚಿತ್ರಗಳು. "ನನ್ನ ಮಗ ಬರೆದದ್ದು" ಎಂದು ಕೇಳದವರಿಗೂ ಹೇಳುತ್ತ ಅಮ್ಮ ಮುಂದೆ ಸಾಗಿದಳು. ಮೂರನೇ ಕೋಣೆಯಲ್ಲಿ ಜನ ಗುಂಪುಗೂಡಿದ್ದರು. ಅಮ್ಮನ ಮುಖ ಕಂಡದ್ದೇ ಒಬ್ಬಾಕೆ ಮಾತು ನಿಲ್ಲಿಸಿ, ಪಕ್ಕದವಳನ್ನು ತಿವಿದು, ದಾರಿ ಬಿಟ್ಟಳು.

ಗೋಡೆಯ ಮೇಲೆ ಆಳೆತ್ತರದ ಅಮ್ಮ. ಬೋಳುತಲೆ, ಬಚ್ಚಲಮನೆಯ ಸ್ಟೂಲು, ಜಾರಿದ ಟವೆಲು. ನೀರು ಹಾಕುತ್ತಿದ್ದ ನನ್ನ ಕೈಯೂ ಇತ್ತು.

ಅಂದು ಬಾಗಿಲಲ್ಲಿ ಕೂತು ಪೆನ್ಸಿಲು ಹಿಡಿದಿದ್ದ ತಮ್ಮ, "ನಂಗೋಸ್ಕರ ಮಾತ್ರ ಅಮ್ಮಾ. ಯಾರಿಗೂ ತೋರ್ಸಲ್ಲ, ನಿನ್ನಾಣೆ" ಎಂದಿದ್ದ. ಅದಕ್ಕೇ ಅವಳು ಒಪ್ಪಿದ್ದಳು.

ಅಮ್ಮ ಚಿತ್ರವನ್ನು ಪೂರ್ತಿ ನೋಡಿದಳು. ಅಷ್ಟರಲ್ಲಿ ತಮ್ಮ ಜನರನ್ನು ಸರಿಸಿಕೊಂಡು ಬಂದ.

"ಹೇಗಿದೆ ಅಮ್ಮಾ? ಇದರ ಮುಂದೆ ನಿಂತು ಜನ ಅಳ್ತಿದ್ದಾರೆ, ಗೊತ್ತಾ?"

"ಅಳೋರೆಲ್ಲ ಯಾರಪ್ಪಾ? ನಂಗೆ ಗೊತ್ತಿರೋರಾ?"

ಅವನು ಚಿತ್ರದ ಕಡೆ ಕೈ ತೋರಿಸಿದ. "ನಾನು ಬರೆದಿದ್ರಲ್ಲಿ ಇದೇ ಚೆನ್ನಾಗಿರೋದು ಅಮ್ಮಾ."

"ಚೆನ್ನಾಗೇ ಇದೆ. ಥೇಟ್ ನಾನೇ. ಈಗ ಇಳಿಸು."

"ಇವತ್ತೇ ಶುರುವಾಗಿದೆ. ಹೇಗೆ ಇಳಿಸ್ಲಿ? ಪತ್ರಿಕೆಯವರೂ ಬಂದಿದ್ದಾರೆ…"

"ಆಣೆ ಇಟ್ಟಿದ್ಯಲ್ಲೋ" ಎಂದೆ ನಾನು.

"ಅಕ್ಕಾ, ನಿಂಗೆ ಇದೆಲ್ಲ ಅರ್ಥವಾಗಲ್ಲ, ಸುಮ್ನಿರು" ಎಂದವನು, ಯಾರೋ ಕರೆದರೆಂದು ಆ ಕಡೆ ತಿರುಗಿದ. ತಿರುಗಿದವನು ಮತ್ತೆ ಬರಲಿಲ್ಲ.

ಹೊರಗೆ ಬಂದೆವು. ಹೋಟೆಲಿನ ಮಾಣಿ ನಗುನಗುತ್ತ ಕುರ್ಚಿ ಎಳೆದು ಕರೆದ. ಅಮ್ಮ ತಲೆ ಬಗ್ಗಿಸಿ ನಡೆದಳು. ಎದುರು ಬಂದವರೆಲ್ಲ ತನ್ನನ್ನು ಹಾಗೆ ನೋಡಿದವರೇ ಎಂಬಂತೆ ಗೋಡೆಗೆ ಸರಿಯುತ್ತಿದ್ದಳು. ಮನೆಗೆ ಬಂದವಳೇ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ಪ್ರದರ್ಶನ ಮುಗಿಯುವವರೆಗೂ ಚಿತ್ರ ಇಳಿಯಲಿಲ್ಲ. ಆಮೇಲೊಂದು ದಿನ ತಮ್ಮ ಹಣ್ಣಿನ ಚೀಲ ಹಿಡಿದು ಬಂದ. ಅಮ್ಮ ಈ ಸಲ ಬೈದೇ ಬೈಯುತ್ತಾಳೆ, ಬೈದರೆ ಎಲ್ಲ ಸರಿಹೋಗುತ್ತದೆ ಎಂದು ಕಾದೆ.

ಅಮ್ಮ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು.

"ಬನ್ನಿ, ಕೂತ್ಕೊಳ್ಳಿ" ಎಂದಳು. "ಏನು ತಗೋತೀರಿ, ಕಾಫಿನಾ ಟೀನಾ?"