ನಾಲ್ಕು ಗಂಟೆಯ ಅಮ್ಮ

ಯಾರೋ ಮೇಲಿನ ಮಹಡಿಯಿಂದ ಚಪ್ಪಲಿ ಎಳೆಯುತ್ತ ಇಳಿದು ಬರುತ್ತಿದ್ದಾರೆ, ಗೋಡೆಗೆ ಸರಿದು ಕೂರಬೇಕು, ಮೆಟ್ಟಿಲು ತಣ್ಣಗೆ ಕೊರೆಯುತ್ತಿದೆ, ಫಿನೈಲ್ ವಾಸನೆ, ಯಾಕಮ್ಮಾ ಇಲ್ಲಿ ಕೂತಿದ್ದೀಯ, ಬೀಗದಕೈ ಮರೆತ್ಯಾ, ಮೇಲಿನ ಮನೆಯ ಅಜ್ಜಿ, ಹೂಂ ಅಂದುಬಿಡುತ್ತೇನೆ, ಇನ್ನೇನು ಹೇಳಲಿ, ಹೆತ್ತ ಮಗಳೇ ತೋಳು ಹಿಡಿದು ತಂದು ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಳು ಅನ್ನಲೇ, ನಾಲ್ಕು ಗಂಟೆಗೆ ಅವಳಮ್ಮ ಪರದೇಶದಿಂದ ಫೋನ್ ಮಾಡುತ್ತಾಳೆ, ಆ ಹೊತ್ತಿಗೆ ಈ ಹೊಸ ಹೆಂಗಸು ಮನೆಯೊಳಗೆ ಇರಕೂಡದು ಅನ್ನಲೇ, ಲಿಫ್ಟು ಮತ್ತೆ ಕೈ ಕೊಟ್ಟಿದೆ ಅಂತ ನಿನ್ ಗಂಡಂಗೆ ಹೇಳಮ್ಮಾ, ಹೇಳ್ತೀನಿ ಅಜ್ಜಿ, ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವವನ ಮನೆಯವರಿಗೆ ಮೆಟ್ಟಿಲೇ ಗತಿ, ಇವರನ್ನು ಕೇಳಿದರೆ ನಗುತ್ತಾರೆ, ನಮ್ ಬಿಲ್ಡಿಂಗು ನಮ್ ಕಂಪನಿದಲ್ಲ ಕಣೇ ಅಂತ, ಆ ನಗುವಿಗೂ ಈಗ ಸುಸ್ತಾಗಿದೆ — ನಾಲ್ಕಾಗಲು ಇನ್ನೂ ಸ್ವಲ್ಪ ಇದೆ, ಫೋನ್ ಬೇಗ ಮಾಡಿದರೆ ಅವಳು ಎತ್ತುವುದಿಲ್ಲ, ತಡವಾದರೆ ಗೋಡೆಗೆ ಹಣೆ ಬಡಿಯುತ್ತಾಳೆ.

ಬಂದ ದಿನ ಬಡಿದಿದ್ದಳಲ್ಲ, ಆ ಸದ್ದು, ತೆಂಗಿನಕಾಯಿಯನ್ನು ನೆಲಕ್ಕೆ ಕುಟ್ಟಿದ ಹಾಗೆ, ನಾನು ಮೊದಲ ಸಲ ರಜೆಯ ಮೇಲೆ ಬಂದಿಳಿದು ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದೆ, ಪಿಟೀಲೂ ಬಾರೇ ಯಾರು ಬಂದ್ರು ನೋಡು ಅಂತ ಇವರು ಕರೆದರು, ಯಾವಾಗಲೂ ಒಂದೇ ಸ್ವರದಲ್ಲಿ ಮೂಗಿನಲ್ಲಿ ಗುಂಯ್‌ಗುಡುತ್ತಾಳೆಂದು ಅಪ್ಪ ಇಟ್ಟ ಹೆಸರು, ಒಂಬತ್ತು ವರ್ಷದ ಮಗಳು ಬಂದಳು, ನನ್ನ ಚೀಲದ ಪಟ್ಟಿಯನ್ನು ಮೂಸಿ ನೋಡಿದಳು, ಪಾರ್ಸೆಲ್ ತಂದವರ ಕಡೆ ಕೂಡ ಒಮ್ಮೆ ನೋಡುತ್ತಾರೆ, ನನ್ನ ಕಡೆ ಅದೂ ಇಲ್ಲ, ಒಳಗೆ ಹೋಗಿ ಫೋನ್ ಮುಂದಿಟ್ಟುಕೊಂಡು ಕೂತಳು, ನಾಲ್ಕಾಯಿತು, ಫೋನ್ ರಿಂಗಾಗಲಿಲ್ಲ, ಹೇಗಾದೀತು, ಮಾಡುವವಳು ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಳು, ಆಮೇಲೆ ಆ ಸದ್ದು, ಇವರು ಓಡಿ ಹೋಗಿ ಅವಳ ಹಣೆಗೂ ಗೋಡೆಗೂ ನಡುವೆ ಅಂಗೈ ಇಟ್ಟರು, ನನ್ನ ಮುಖ ನೋಡದೆ ಕೇಳಿದರು, ನೀನು ಸ್ವಲ್ಪ ಹೊರಗೆ ಹೋಗಿ ಒಂದು ಫೋನ್ ಮಾಡ್ತೀಯಾ. ಮಾಡಿದೆ. ಪರದೆಯಲ್ಲಿ ಅವಳು ಚಪ್ಪಾಳೆ ತಟ್ಟಿ ನಕ್ಕಳು, ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಮರದ ಬಾಗಿಲು, ಆ ನಗು ಬಾಗಿಲಿನಿಂದ ಮೊದಲು ಕೇಳಿಸಿತು, ಫೋನಿನಿಂದ ಆಮೇಲೆ.

ಇವತ್ತು ಬೆಳಿಗ್ಗೆ ಡಾಕ್ಟರಮ್ಮನಿಗೂ ಇದನ್ನೇ ಹೇಳಿದೆವು, ಅವರು ನಗಲಿಲ್ಲ, ಒಳ್ಳೆಯವರು, ಪಿಟೀಲು ಅವರ ಮೇಜಿನ ಪೆನ್ನುಗಳನ್ನೆಲ್ಲ ಬಣ್ಣದ ಪ್ರಕಾರ ಜೋಡಿಸುವವರೆಗೂ ಕಾದರು, ಆಟಿಸಂ ಅನ್ನುವುದು ನಮಗೇನು ಹೊಸ ಶಬ್ದವಲ್ಲ, ಕೇಳಿ ಕೇಳಿ ಸವೆದಿದೆ, ಆದರೆ ನಾನು ಎದುರಿಗೆ ಕೂತು ಕೇಳಬೇಕೆಂದಿದ್ದ ಪ್ರಶ್ನೆ ಒಂದೇ, ನಾನು ಹೋಗದೇ ಇದ್ದಿದ್ರೆ. ಅಕ್ಕ ಹೇಳುವುದು ಕಿವಿಯಲ್ಲಿ ಕೂತುಬಿಟ್ಟಿದೆ, ನನ್ನಕ್ಕ, ಇವಳನ್ನು ಇಷ್ಟು ವರ್ಷ ಸಾಕಿದ ದೊಡ್ಡಮ್ಮ, ಮಗು ಅಮ್ಮ ಅಂತಿತ್ತು, ನೀರು ಅಂತಿತ್ತು, ನೀನು ವಿಮಾನ ಹತ್ತಿದೆ, ಅದು ಬಾಯಿಗೆ ಬೀಗ ಹಾಕ್ಕೊಂತು, ಬಾಣಲೆ ಉಜ್ಜುತ್ತ ಹೇಳುತ್ತಾಳೆ, ಉಜ್ಜಿದಷ್ಟೂ ಹೇಳುತ್ತಾಳೆ, ಅವಳ ತಪ್ಪೂ ಅಲ್ಲ, ಕಚ್ಚಿಸಿಕೊಂಡವಳು ಅವಳು, ಮೊಣಕೈ ಮೇಲೆ ಇನ್ನೂ ಹಲ್ಲಿನ ಗುರುತಿದೆ, ನಾನು ಫೋನಿನಲ್ಲಿ ಮುತ್ತು ಕೊಟ್ಟವಳು. ಡಾಕ್ಟರಮ್ಮ ಕನ್ನಡಕ ತೆಗೆದು ಹೇಳಿದರು, ನೋಡಿ ತಾಯೀ, ನೀವು ಪಕ್ಕದಲ್ಲೇ ಮಲಗಿದ್ರೂ ಇವಳು ಹೀಗೇ ಇರ್ತಿದ್ಲು, ಬಂದ ಮಾತು ನಿಂತುಹೋಗೋದು ಎಷ್ಟೋ ಮಕ್ಕಳಲ್ಲಿ ಆ ವಯಸ್ಸಲ್ಲೇ ಆಗತ್ತೆ, ನೀವು ಕಾರಣ ಅಲ್ಲ, ಅದನ್ನ ತಲೆಯಿಂದ ತೆಗೆದುಹಾಕಿ. ಇವರು ಉಸಿರು ಬಿಟ್ಟರು, ನಾನೂ ಬಿಡಬೇಕಿತ್ತು, ಬಿಡಲಾಗಲಿಲ್ಲ, ಯಾಕೆಂದರೆ ನಾನು ಹೋದದ್ದರಿಂದಲೇ ಹೀಗಾಗಿದ್ದರೆ ನಾನು ಉಳಿದರೆ ಸರಿಹೋಗಬಹುದಿತ್ತಲ್ಲ, ಅಷ್ಟು ವರ್ಷ ಆ ಪಾಪವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ತಿರುಗಿದೆ, ಅದೊಂದು ಭರವಸೆಯೂ ಆಗಿತ್ತು ಅಂತ ಗೊತ್ತಾದದ್ದು ಗಂಟು ಬಿಚ್ಚಿದ ಮೇಲೆ, ಕಾರಣ ಅಲ್ಲದವಳು ಮದ್ದೂ ಅಲ್ಲ, ಹಾಗಾದರೆ ನಾನು ಅಲ್ಲಿದ್ದರೇನು ಇಲ್ಲಿದ್ದರೇನು.

ಅಲ್ಲಿಯ ಮೇಲ್ವಿಚಾರಕಿ ಬೆಳಿಗ್ಗೆಯೇ ಬರೆದಿದ್ದಾಳೆ, ವಾಪಸು ಬರುತ್ತೀಯೋ ಇಲ್ಲವೋ ಇವತ್ತೇ ತಿಳಿಸು, ನಿನ್ನ ಜಾಗಕ್ಕೆ ಜನ ಕಾಯುತ್ತಿದ್ದಾರೆ, ಕಾಯದೆ ಏನು, ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆ, ಜನ ಕಾಯಿಲೆ ಬೀಳುವುದು ನಿಲ್ಲಿಸಿದರೆ ತಾನೆ ನಮಗೆ ಕೆಲಸ ನಿಲ್ಲುವುದು, ಯಂತ್ರದ ಬಾಯಿಂದ ಹೊಗೆಯಾಡುತ್ತ ಬರುವ ಬಟ್ಟೆಯನ್ನು ನಾನು ಎರಡು ಮೂಲೆ ಹಿಡಿಯಬೇಕು, ಎದುರಿಗೆ ಇನ್ಯಾವುದೋ ದೇಶದ ಹೆಂಗಸು ಎರಡು ಮೂಲೆ, ಹತ್ತಿರ ಬರುವುದು, ಬೆರಳಿಗೆ ಬೆರಳು ತಾಗಿಸಿ ಮೂಲೆ ಒಪ್ಪಿಸುವುದು, ಹಿಂದೆ ಹೋಗುವುದು, ಮತ್ತೆ ಬರುವುದು, ಏಳು ವರ್ಷ, ಅವಳ ಭಾಷೆ ನನಗೆ ಬಾರದು ನನ್ನದು ಅವಳಿಗೆ ಬಾರದು, ಆದರೂ ಅವಳಿಗೆ ಬೆನ್ನು ನೋವು ಯಾವ ದಿನ ಅಂತ ಬಟ್ಟೆಯ ಎಳೆತದಲ್ಲೇ ನನಗೆ ತಿಳಿಯುತ್ತಿತ್ತು, ಮಾತಿಲ್ಲದೆ ಒಬ್ಬರ ಜೊತೆ ಬಾಳುವುದನ್ನು ಎಲ್ಲಿ ಹೋಗಿ ಕಲಿತೆ ನೋಡು, ಯಾರ ಜೊತೆ. ಇವರು ಏನೂ ಹೇಳುವುದಿಲ್ಲ, ನಿನ್ನಿಷ್ಟ ಅನ್ನುತ್ತಾರೆ, ನಿನ್ನಿಷ್ಟ ಅನ್ನುವ ಗಂಡಸರ ಮುಂದೆ ಬೇಡ ಅನ್ನುವ ಗಂಡಸರೇ ವಾಸಿ, ಜಗಳವಾದರೂ ಆಡಬಹುದು, ಬಿಸಿ ತುಪ್ಪ, ಉಗುಳಲೂ ಆಗದು ನುಂಗಲೂ ಆಗದು — ನಾಲ್ಕಾಯಿತು.

ಒಳಗೆ ಫೋನ್ ರಿಂಗಾಗುವುದು ಕೇಳಿಸುತ್ತದೆ, ಒಂದೇ ಸಲ, ಎತ್ತಿದಳು, ಮೊದಲು ಹಣೆ ಕಾಣಿಸುತ್ತದೆ, ಆಮೇಲೆ ಸೂರು, ಆಮೇಲೆ ಅವಳು, ಗುಂಯ್, ಎತ್ತರದ ಸ್ವರ, ಸಂತೋಷದ್ದು, ನಾನು ಎಡಗಿವಿ ತೋರಿಸುತ್ತೇನೆ, ಬಲಗಿವಿ, ಹಲ್ಲು, ಇದೇ ಕ್ರಮ, ಊಟದ ಬಿಡುವಿನಲ್ಲಿ ಬಟ್ಟೆಯ ರಾಶಿಯ ಹಿಂದೆ ಕೂತು ಕಟ್ಟಿದ ಆಟ, ಕೊನೆಗೆ ಫೋನನ್ನು ಮೆಟ್ಟಿಲಿಗೆ ಒರಗಿಸಿ ಮಡಿಲಲ್ಲಿದ್ದ ಟವೆಲ್ಲು, ಎರಡು ಮೂಲೆ ಸೇರಿಸಿ, ಮತ್ತೆ ಎರಡು, ಚೌಕ ಆಗುವವರೆಗೆ, ಮೂಲೆಗಳು ಸೇರಿದಾಗ ಅವಳು ಉಸಿರು ಎಳೆಯುತ್ತಾಳೆ, ನೋಡಿದವರು ಯಾರಿದ್ದಾರೆ ನನ್ನ ಕೆಲಸವನ್ನು ಇಷ್ಟು ಪ್ರೀತಿಯಿಂದ, ಮುಗಿಯಿತು, ಟಕ್, ಪರದೆ ಕಪ್ಪಾಯಿತು, ಇನ್ನು ಹೊಸ ಹೆಂಗಸು ಒಳಗೆ ಹೋಗಬಹುದು.

ಬಾಗಿಲು ತೆಗೆದವರು ಇವರು, ಏನೂ ಕೇಳಬೇಡಿ ರೀ ಅಂದೆ, ಯಾಕೆ ಹಾಗೆ ಮಾಡಿದೆನೋ, ಲೆಕ್ಕ ಹಾಕಿ ಮಾಡಿದ್ದಲ್ಲ, ದಣಿವು ಅಷ್ಟೆ, ಅವಳ ಎದುರು ನೆಲಕ್ಕೆ ಕುಸಿದು ಕೂತೆ, ಕೈಯಲ್ಲಿ ಟವೆಲ್ ಹಾಗೇ ಇತ್ತು, ಎಡಗಿವಿ ತೋರಿಸಿದೆ, ಅವಳು ಕಿಟಕಿ ನೋಡುತ್ತಿದ್ದಳು, ಬಲಗಿವಿ, ಕಿಟಕಿಯೇ, ಹಲ್ಲು ತೋರಿಸುವಾಗ ಅಳು ಬಂದು ತುಟಿ ನಡುಗಿತು, ಅಡುಗೆಮನೆಯಿಂದ ಅಕ್ಕ, ಬಿಡೇ, ಸುಮ್ನೆ ಅದನ್ನ ಕೆಣಕಬೇಡ, ಟವೆಲ್ ಬಿಡಿಸಿದೆ, ಎರಡು ಮೂಲೆ, ಉಸಿರು ಎಳೆದ ಸದ್ದು, ಇಷ್ಟು ಹತ್ತಿರದಿಂದ, ಅವಳ ಬಾಯಲ್ಲಿ ಹಾಲಿನ ವಾಸನೆ, ಮತ್ತೆ ಎರಡು ಮೂಲೆ, ಗುಂಯ್, ಎತ್ತರದ್ದು, ಅಪ್ಪನಿಗೆ ಸಿಗದ, ದೊಡ್ಡಮ್ಮನಿಗೂ ಸಿಗದ, ನಾಲ್ಕು ಗಂಟೆಯ ಸ್ವರ, ಚೌಕ ಆಯಿತು, ಆಗ ಅವಳು ಕೈ ಚಾಚಿ ಹೆಬ್ಬೆರಳಿನಿಂದ ನನ್ನ ಗದ್ದ ಒತ್ತಿದಳು. ಒತ್ತಿ ಎದ್ದು ಹೋದಳು.

ಅಲ್ಲೇ ಇರತ್ತೆ ಅದು, ಇವರು ಆಮೇಲೆ ಮೆಲ್ಲಗೆ ಹೇಳಿದರು, ಫೋನಿನಲ್ಲಿ ನಿನ್ನ ಗದ್ದದ ಮೇಲೇ ಬರತ್ತೆ ಕಣೇ ಆ ಕೆಂಪು ಗುಂಡಿ, ಕಾಲ್ ಕಟ್ ಮಾಡೋದು, ನಿನ್ನ ಕಟ್ ಮಾಡಿದ್ಲು ಅವ್ಳು, ಅಂದು ನಕ್ಕರು, ಕಣ್ಣು ಒರೆಸಿಕೊಂಡರು, ಅಕ್ಕ ಬಾಣಲೆ ಹಿಡಿದು ಬಾಗಿಲಲ್ಲೇ ನಿಂತಳು, ಕಟ್ ಮಾಡಬೇಕಾದರೆ ಮೊದಲು ಕಾಲ್ ಬಂದಿರಬೇಕಲ್ಲ, ಅವಳ ಪಾಲಿಗೆ ಬಂದಿತ್ತು, ಮೇಲ್ವಿಚಾರಕಿ ಫೋನ್ ಮಾಡಿದಳು, ನನ್ನ ಮುರುಕು ಮಾತಿನಲ್ಲಿ ಬರುವುದಿಲ್ಲ ಅಂದೆ, ಎರಡು ಸಲ ಹೇಳಿಸಿದಳು, ಎರಡು ಸಲವೂ ಬರುವುದಿಲ್ಲ ಅಂದೆ, ಯೋಚನೆ ಮಾಡಿ ಹೇಳಿದ್ಯಾ, ಇವರು ಕೇಳಿದರು, ಇಲ್ಲ ರೀ, ಸರಿ, ನಮ್ ಕಂಪನೀಲಿ ರಾತ್ರಿ ಪಾಳಿನೂ ಕೊಡ್ತಾರಾ ಅಂತ ಕೇಳ್ತೀನಿ, ಇಲ್ಲೂ ಆಸ್ಪತ್ರೆಗಳಿವೆ, ಹಾಸಿಗೆ ಬಟ್ಟೆ ಇರುತ್ತದೆ, ಅವಳಿಗೆ ಮಾತು ಬರುವುದಿಲ್ಲ, ಡಾಕ್ಟರಮ್ಮ ಹೇಳಿದ್ದು ಸುಳ್ಳಾಗುವುದಿಲ್ಲ, ನಾಳೆ ಮತ್ತೆ ನನ್ನನ್ನು ಮೆಟ್ಟಿಲಿಗೆ ತಳ್ಳಬಹುದು, ತಳ್ಳಲಿ, ಕಾಲು ಎಳೆಯುತ್ತಿದೆ, ಮಲಗಬೇಕು, ಅಕ್ಕನ ಜೊತೆ ಮಾತಾಡಬೇಕು, ಏನಂತ, ಏಳಲು ನೋಡುತ್ತೇನೆ, ಏಳಲಾಗುವುದಿಲ್ಲ, ಗದ್ದದ ಮೇಲೆ ಆ ಹೆಬ್ಬೆರಳು, ಉಗುರು ಕಚ್ಚಿ ಕಚ್ಚಿ ಮೊಂಡಾದದ್ದು, ಸ್ವಲ್ಪ ಒದ್ದೆ, ಒತ್ತಿದ್ದು, ಬಿಟ್ಟದ್ದಲ್ಲ, ಒತ್ತಿದ್ದು, ಗದ್ದದ ಮೇಲೆ, ಹೆಬ್ಬೆರಳು —