ಗಾಜಮ್ಮನ ಧರ್ಮಗುರು

“ಇಲ್ಲಿ ನೋಡಿ, ‘ಧರ್ಮಗುರುಗಳು’ ಅಂತ ಇದೆಯಲ್ಲ, ಅದರ ಕೆಳಗೆ ಸಹಿ ಹಾಕಿ,” ಎಂದು ಹೆಡ್ ನರ್ಸ್ ದಪ್ಪ ರಿಜಿಸ್ಟರನ್ನು ಮೇಷ್ಟ್ರ ಕಡೆ ತಿರುಗಿಸಿದಳು.

ಮೇಷ್ಟ್ರು ಪೆನ್ನು ಹಿಡಿದವರು ಹಿಡಿದ ಹಾಗೇ ನಿಂತುಬಿಟ್ಟರು. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಮನುಷ್ಯ. ಮಕ್ಕಳು ಎದುರಿಗೆ ಮೇಷ್ಟ್ರೇ ಅಂದಿದ್ದರು, ಬೆನ್ನ ಹಿಂದೆ ಕಪ್ಪೆರಾಯ ಅಂದಿದ್ದರು. ಎರಡಕ್ಕೂ ಅವರ ಒಪ್ಪಿಗೆಯಿತ್ತು. ಆದರೆ ಇದೇನಪ್ಪಾ ಗ್ರಹಚಾರ!

“ಏನೋ ತಪ್ಪಾಗಿದೆಯಮ್ಮ. ನಾನು ಧರ್ಮಗುರು ಅಲ್ಲ. ನನಗೆ ಧರ್ಮವೇ ಇಲ್ಲ.”

“ಹಾಗಂದ್ರೆ ಹೇಗೆ ಸಾರ್? ಪೇಷಂಟು ಹಾಗೇ ಬರೆಸಿದಾರೆ.” ನರ್ಸ್ ಒಂದು ಕಾರ್ಡು ತೆಗೆದು ಓದಿದಳು. “ಧರ್ಮ, ವಿಕಾಸವಾದ. ಧರ್ಮಗುರು, ವಿಜ್ಞಾನದ ಮೇಷ್ಟ್ರು. ಫೋನ್ ನಂಬರ್ ನಿಮ್ದೇ ತಾನೆ? ಬೆಳಿಗ್ಗೆ ಮಾಡಿದಾಗ ನಿಮ್ಮ ಮನೆಯವರು ಎತ್ತಿದ್ರು. ಧರ್ಮಗುರುಗಳು ಇದಾರಾ ಅಂತ ಕೇಳಿದೆ. ‘ಇದಾರೆ, ಬನಿಯನ್ ಹುಡುಕ್ತಾ ಇದಾರೆ, ಕಳಿಸ್ತೀನಿ’ ಅಂದ್ರು.”

ಹೆಂಡತಿಯ ಕುಚೋದ್ಯ ಮೇಷ್ಟ್ರಿಗೆ ಹೊಸದಲ್ಲ. ಆದರೆ ಮನೆಯಲ್ಲಿ ಆಕೆ ಇದರ ಸುಳಿವೇ ಕೊಟ್ಟಿರಲಿಲ್ಲ. “ಗಾಜಮ್ಮನಿಗೆ ಜೋರಾಗಿದೆಯಂತೆ, ಬೇಗ ಹೋಗಿ,” ಅಂತಷ್ಟೇ ಹೇಳಿ, ಅವಸರದಲ್ಲಿ ತಡವರಿಸುತ್ತಿದ್ದ ಗಂಡನ ಕೈ ಸರಿಸಿ, ಅಂಗಿಯ ಗುಂಡಿ ತಾನೇ ಹಾಕಿ ಕಳಿಸಿದ್ದಳು.

ಗಾಜಮ್ಮ ಶಾಲೆಯ ಪ್ರಯೋಗಾಲಯದ ಆಯಾ. “ಗಾಜು, ಗಾಜು, ಜೋಪಾನ!” ಎಂದು ದಿನಕ್ಕೆ ನೂರು ಸಲ ಕೂಗುತ್ತಿದ್ದುದರಿಂದ ಮಕ್ಕಳು ಇಟ್ಟ ಹೆಸರು ಅದು, ಅವಳ ನಿಜವಾದ ಹೆಸರು ಸಂಬಳ ಕೊಡುವವರಿಗೂ ಮರೆತುಹೋಗಿತ್ತು. ಅನಾಥಾಶ್ರಮದಲ್ಲಿ ಬೆಳೆದವಳು, ಹಿಂದೆ ಇಲ್ಲ, ಮುಂದೆ ಇಲ್ಲ. ಇಪ್ಪತ್ತೆಂಟು ವರ್ಷ ಮೇಷ್ಟ್ರು ಮುಂದೆ ನಿಂತು ಪಾಠ ಮಾಡಿದರೆ, ಅವಳು ಹಿಂದಿನ ಸಿಂಕಿನ ಹತ್ತಿರ ನಿಂತು ಪರೀಕ್ಷಾನಳಿಕೆ ತೊಳೆದಳು. ಅವರು ಉಗುಳು ನುಂಗಿ ಕೆಮ್ಮಿದರೆ ಸಾಕು, ನೀರಿನ ಲೋಟ ಮೇಜಿಗೆ ಬಂದಿರುತ್ತಿತ್ತು. ಎದೆಯಲ್ಲಿ ನೀರು ತುಂಬಿ ಅವಳು ಆಸ್ಪತ್ರೆ ಸೇರಿ ನಾಲ್ಕು ದಿನವಾಗಿತ್ತು, ಮೇಷ್ಟ್ರಿಗೆ ಗೊತ್ತಾದದ್ದು ಈಗ.

“ಸಹಿ ಹಾಕದೆ ಒಳಗೆ ಬಿಡೋಕಾಗಲ್ವಾ?”

“ಈ ವಾರ್ಡಿಗೆ ಸಂಬಂಧಿಕರನ್ನ ಬಿಡ್ತೀವಿ, ಧರ್ಮಗುರುಗಳನ್ನ ಬಿಡ್ತೀವಿ. ಬೇರೆಯವರು ಸಂಜೆ ಐದಕ್ಕೆ ಬರಬೇಕು.”

“ಹಾಗಾದ್ರೆ ಸಂಜೆನೇ ಬರ್ತೀನಿ.”

ನರ್ಸ್ ದನಿ ತಗ್ಗಿಸಿದಳು. “ಸಂಜೆವರೆಗೆ ಅಂತ ನಾನು ಹೇಳಲಾರೆ ಸಾರ್. ಬೆಳಿಗ್ಗೆಯಿಂದ ಬಾಗಿಲ ಕಡೆನೇ ನೋಡ್ತಾ ಇದಾರೆ.”

ಯಾರಾದರೂ ಕೇಳಬಹುದು, ಒಂದು ಸಹಿಗೆ ಇಷ್ಟು ರಾದ್ಧಾಂತವೇ ಅಂತ. ಹದಿನೈದು ವರ್ಷದ ಹಿಂದೆ ಏನಾಯಿತು ಅಂತ ತಿಳಿದರೆ ಹಾಗೆ ಕೇಳುವುದಿಲ್ಲ. ಕೆಲವು ಪೋಷಕರು ಆಗ ಶಿಕ್ಷಣ ಮಂಡಳಿಗೆ ದೂರು ಕೊಟ್ಟಿದ್ದರು. ‘ಈ ವಿಕಾಸವಾದ, ಈ ದೇವರಿಲ್ಲದ ಮಾನವತಾವಾದ, ಇವೂ ಒಂದು ಧರ್ಮವೇ. ನಮ್ಮ ಧರ್ಮವನ್ನು ಶಾಲೆಯಲ್ಲಿ ಕಲಿಸಬಾರದು ಅನ್ನುವುದಾದರೆ ಈ ಮೇಷ್ಟ್ರ ಧರ್ಮವನ್ನು ಯಾಕೆ ಕಲಿಸಬೇಕು?’ ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು. ವಿಚಾರಣೆ ನಡೆಯಿತು. ಗಾಜಮ್ಮನನ್ನೂ ಕರೆದು, ಮಕ್ಕಳು ಅಸ್ಥಿಪಂಜರಕ್ಕೆ ಕೈ ಮುಗಿಯುತ್ತಾರೆಯೇ ಎಂದು ಕೇಳಿದ್ದರು. “ಕೈ ಮುಗಿಯೋದಿರಲಿ, ಅದರ ಬಾಯಿಗೆ ಸೀಮೆಸುಣ್ಣ ಇಟ್ಟು ಸಿಗರೇಟು ಸೇದಿಸ್ತಾರೆ ಸಾರ್,” ಅಂದಿದ್ದಳು. ಕೊನೆಗೆ ಎದ್ದು ನಿಂತ ಮೇಷ್ಟ್ರು, “ಧರ್ಮಕ್ಕೆ ನಂಬೋರು ಬೇಕು. ನನ್ನ ಪಾಠವನ್ನ ಯಾರೂ ನಂಬಬೇಕಾಗಿಲ್ಲ, ನೋಡಿದ್ರೆ ಸಾಕು. ತಪ್ಪು ಅಂತ ತೋರಿಸಿದ್ರೆ ನಾಳೆನೇ ತಿದ್ದಿಕೊಳ್ತೀನಿ. ನನ್ನನ್ನ ಧರ್ಮಗುರು ಅಂತ ಕರೆಯೋ ಒಬ್ಬರನ್ನ, ಒಬ್ಬರೇ ಒಬ್ಬರನ್ನ ಕರ್ಕೊಂಡು ಬನ್ನಿ. ಅವತ್ತೇ ಈ ಪಾಠ ಬಿಟ್ಟುಬಿಡ್ತೀನಿ,” ಎಂದು ಮೇಜು ಕುಟ್ಟಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಮಾತು ಮಂಡಳಿಯ ಕಡತದಲ್ಲಿ ಅಚ್ಚಾಗಿ ಕೂತಿತ್ತು. ಅದರ ಬಲದಿಂದಲೇ ಇವತ್ತಿಗೂ ಆ ಶಾಲೆಯಲ್ಲಿ ಪಾಠ ನಡೆಯುತ್ತಿತ್ತು.

ಈಗ ಆ ಒಬ್ಬರೇ ಒಬ್ಬರು ಸಿಕ್ಕಿದ್ದರು. ಅದೂ ಯಾರು, ಗಾಜಮ್ಮ!

ಮೇಷ್ಟ್ರು ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ. ಇನ್ನೊಂದು ದಿನವಾಗಿದ್ದರೆ ಆಸ್ಪತ್ರೆಯ ಮುಖ್ಯಸ್ಥರ ತನಕ ಹೋಗಿ ಜಗಳ ಕಾಯುತ್ತಿದ್ದರು. ಬಾಗಿಲ ಕಡೆನೇ ನೋಡ್ತಾ ಇದಾರೆ ಅನ್ನುವ ಮಾತು ಮಾತ್ರ ಕಿವಿಯಲ್ಲೇ ಉಳಿದಿತ್ತು. ಸಹಿ ಹಾಕಿದರು. ಕೈ ಬರಹ ತಮ್ಮದೇ ಅಂತ ಗುರುತು ಸಿಗದಷ್ಟು ಕೆಟ್ಟದಾಗಿ ಬಂತು.

“ಆಯ್ತಾ? ಪೆನ್ನು ಈ ಕಡೆ ಕೊಡ್ತೀರಾ?” ಎಂದು ಹಿಂದಿನಿಂದ ಯಾರೋ ಕೇಳಿದರು.

ತಿರುಗಿ ನೋಡಿದರೆ ದರ್ಜಿ! ಅಂದು ಆ ಪೋಷಕರ ಮುಂದಾಳಾಗಿ ದೂರು ಬರೆದವನು, ವಿಚಾರಣೆಯಲ್ಲಿ ಮೇಷ್ಟ್ರ ಎದುರು ಕೂತು ಒಂದೊಂದು ಮಾತಿಗೂ ಕೊಕ್ಕೆ ಹಾಕಿದವನು. ಈಗ ತಲೆ ಪೂರ್ತಿ ನರೆತಿತ್ತು. ಕುತ್ತಿಗೆಯಲ್ಲಿ ಅಳತೆಯ ಟೇಪು, ಕಂಕುಳಲ್ಲಿ ಪ್ರಾರ್ಥನೆಯ ಪುಸ್ತಕ. ರೋಗಿಗಳಿಗೆ ಪ್ರಾರ್ಥನೆ ಓದಲು ಅಂಗಡಿಯಿಂದ ನೇರವಾಗಿ ಬಂದಿದ್ದ. ಅವನು ರಿಜಿಸ್ಟರಿನ ಮೇಲೆ ಬಗ್ಗಿ, ಮೇಷ್ಟ್ರ ಹೆಸರು ಓದಿ, ಮೇಲಿನ ಶೀರ್ಷಿಕೆ ಓದಿ, ಅದರ ಕೆಳಗೆ ತನ್ನ ಸಹಿ ಹಾಕಿದ. ಮೇಷ್ಟ್ರ ಕಿವಿ ಬಿಸಿಯಾಯಿತು. ಅನ್ನಲಿ, ಏನು ಬೇಕಾದರೂ ಅನ್ನಲಿ ಎಂದು ಹಲ್ಲು ಕಚ್ಚಿ ನಿಂತರು.

“ಮೊದಲನೇ ಸಲಾನಾ ಮೇಷ್ಟ್ರೇ?” ಎಂದು ದರ್ಜಿ ಕೇಳಿದ.

“ಏನು?”

“ಹೀಗೆ ಬಂದು ಕೂರೋದು.” ಇಬ್ಬರೂ ವಾರ್ಡಿನ ಕಡೆ ನಡೆದರು. “ನಿಂತ್ಕೊಂಡು ಮಾತಾಡಬೇಡಿ. ಮಲಗಿರೋರಿಗೆ ಕತ್ತೆತ್ತಿ ನೋಡೋಕಾಗಲ್ಲ. ಸ್ಟೂಲು ಎಳ್ಕೊಂಡು ಕೂತ್ಕೊಳ್ಳಿ. ಗಡಿಯಾರ ನೋಡಬೇಡಿ. ಅವರು ಸುಮ್ಮನಿದ್ರೆ ನೀವೂ ಸುಮ್ಮನಿರಿ. ಅದೇ ಕಷ್ಟ, ನನಗೆ ಕಲಿಯೋಕೆ ಎರಡು ವರ್ಷ ಹಿಡೀತು.”

ಗಾಜಮ್ಮ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಎರಡು ದಿಂಬಿಗೆ ಒರಗಿದ್ದ ಆ ಜೀವ ಇಷ್ಟೇ ಇಷ್ಟಾಗಿತ್ತು. ಮೇಷ್ಟ್ರನ್ನು ಕಂಡದ್ದೇ ಮುಖ ಅರಳಿತು. ಮೇಷ್ಟ್ರು ಬೈಯಬೇಕೆಂದು ರಿಜಿಸ್ಟರ್ ಕಂಡಾಗಿನಿಂದ ಜೋಡಿಸಿಟ್ಟುಕೊಂಡಿದ್ದ ಮಾತೆಲ್ಲ ಹಾರಿಹೋಯಿತು. ಸ್ಟೂಲು ಎಳೆದುಕೊಂಡು ಕೂತರು.

“ಏನೇ ಗಾಜಮ್ಮ, ನನ್ನನ್ನ ಯಾವ ಪೀಠಕ್ಕೆ ಏರಿಸಿಬಿಟ್ಟೆ?”

“ಬೈಬೇಡಿ ಮೇಷ್ಟ್ರೇ.” ಅವಳು ನಕ್ಕಳು, ಕೆಮ್ಮು ಬಂತು, ಕೆಮ್ಮಿ ಮುಗಿಸಿ ಮತ್ತೆ ನಕ್ಕಳು. “ನಾನು ಮೊದಲು ಸಂಬಂಧಿಕರ ಕಾಲಂನಲ್ಲೇ ಬರೆಸಿದೆ. ಆ ಗುಮಾಸ್ತ ‘ಏನಾಗಬೇಕು?’ ಅಂದ. ‘ದೂರದ ಸಂಬಂಧ’ ಅಂದೆ. ‘ಎಷ್ಟು ದೂರ, ಯಾರ ಕಡೆಯಿಂದ?’ ಅಂದ. ‘ಮೀನಿನ ಕಡೆಯಿಂದ’ ಅಂದೆ.”

“ಅಯ್ಯೋ ಪುಣ್ಯಾತ್ಗಿತ್ತಿ!”

“ಸುಳ್ಳಾ ಮತ್ತೆ? ನೀವೇ ತಾನೆ ವರ್ಷಾ ವರ್ಷಾ ಹೇಳ್ತಿದ್ದದ್ದು? ಹುಲ್ಲು, ಇರುವೆ, ಮೀನು, ಎಲ್ಲಾ ಒಂದೇ ಮನೆತನ, ಹಿಂದಕ್ಕೆ ಹೋಗ್ತಾ ಹೋಗ್ತಾ ಎಲ್ಲರೂ ನೆಂಟರೇ ಅಂತ. ನನಗೆ ಅದು ಎಷ್ಟು ಚೆನ್ನಾಗಿತ್ತು ಗೊತ್ತಾ? ಮಕ್ಕಳಿಗೆಲ್ಲ ಅದು ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ. ನನಗೆ ಯಾರೂ ಇರಲಿಲ್ಲ, ನೋಡಿ. ಮನೆಗೆ ಹೋಗ್ತಾ ದಾರೀಲಿ ನಾಯಿ ಕಂಡ್ರೂ ‘ಏನೋ ಅಣ್ಣ’ ಅಂತಿದ್ದೆ.” ಉಸಿರು ಹಿಡಿಯಲು ಸ್ವಲ್ಪ ನಿಲ್ಲಿಸಿದಳು. “ಆ ಗುಮಾಸ್ತ ಪೆನ್ನು ಕೆಳಗಿಟ್ಟು, ‘ಅಮ್ಮಾ, ಇದು ಸಂಬಂಧ ಅಲ್ಲ, ಇದು ನಿಮ್ಮ ಧರ್ಮ ಇರಬೇಕು’ ಅಂತ ಅಲ್ಲಿ ಬರ್ಕೊಂಡ. ನಾನೂ ಹೂಂ ಅಂದೆ. ನಿಮ್ಮನ್ನ ಒಳಗೆ ಬಿಟ್ರೆ ಸಾಕಾಗಿತ್ತು.”

ತಾವು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದ್ದನ್ನು ಒಬ್ಬಳು ಮನೆಗೆ ಕೊಂಡೊಯ್ದು ಇಷ್ಟು ವರ್ಷ ಅದರ ಜೊತೆ ಬದುಕಿದ್ದಳು. ಅವರಿಗೆ ಹೆಮ್ಮೆಯೂ ಆಯಿತು, ನಾಚಿಕೆಯೂ ಆಯಿತು. ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವಾದರೂ ಅವಳ ಮನೆ ಎಲ್ಲಿದೆ ಎಂದು ತಾವು ಕೇಳಿದ್ದುಂಟೇ?

ಪಕ್ಕದ ಮಂಚದ ಮುದುಕಿಗೆ ದರ್ಜಿ ಮೆಲ್ಲಗೆ ಪ್ರಾರ್ಥನೆ ಓದುತ್ತಿದ್ದ. ನೋವಿಲ್ಲದ ಒಂದು ಊರಿನ ಬಗ್ಗೆ, ಅಲ್ಲಿ ಬಾಗಿಲಲ್ಲೇ ಕಾದು ನಿಂತಿರುವ ತೀರಿಹೋದ ಬಂಧುಗಳ ಬಗ್ಗೆ ಏನೋ ಇತ್ತು. ಮುದುಕಿ ಕಣ್ಣು ಮುಚ್ಚಿ ತಲೆಯಾಡಿಸುತ್ತಿದ್ದಳು. ಗಾಜಮ್ಮ ಅದನ್ನೇ ಕೇಳುತ್ತ ಮಲಗಿದ್ದವಳು ಮೇಷ್ಟ್ರ ತೋಳು ಹಿಡಿದಳು.

“ಅವರಿಗೆ ಎಲ್ಲಿಗೆ ಹೋಗ್ತೀರಿ ಅಂತ ಹೇಳ್ತಾರೆ ಮೇಷ್ಟ್ರೇ. ನನಗೆ ನೀವು ಏನು ಹೇಳ್ತೀರಿ?”

ವಿಚಾರಣೆಯಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಒಂದು ಸುಳ್ಳು ಹೇಳಿದರೆ ಗಂಟು ಹೋಗುವುದೇನೂ ಇರಲಿಲ್ಲ. ಹೇಳಿಬಿಡಲೇ ಅಂತ ಮೇಷ್ಟ್ರಿಗೆ ಅನಿಸಿದ್ದು ನಿಜ. ಆದರೆ ಇವಳು ತಮ್ಮ ಮಾತನ್ನು ಎಷ್ಟು ಜೋಪಾನ ಮಾಡುತ್ತಾಳೆ ಎಂದು ಈಗ ತಾನೇ ಕಂಡಿದ್ದರು.

“ನನಗೆ ಗೊತ್ತಿಲ್ಲ ಗಾಜಮ್ಮ,” ಅಂದರು. “ಎಲ್ಲಿಗೂ ಇಲ್ಲ ಅಂತಲೇ ನನ್ನ ಲೆಕ್ಕ. ಆದ್ರೆ ನೀನು ಇರೋವರೆಗೂ ನಿನ್ನನ್ನ ಒಬ್ಬಳನ್ನೇ ಬಿಡಲ್ಲ. ಅಷ್ಟು ಹೇಳಬಲ್ಲೆ.”

ಅವಳು ಅವರ ಮುಖವನ್ನೇ ನೋಡಿದಳು. “ಅಷ್ಟು ಸಾಕು,” ಅಂದಳು. ಸ್ವಲ್ಪ ಹೊತ್ತಾದ ಮೇಲೆ, “ಭಯ ಆಗುತ್ತೆ,” ಅಂದಳು. ಮೇಷ್ಟ್ರು “ನನಗೂ ಆಗುತ್ತೆ ಕಣಮ್ಮ,” ಅಂದರು. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಮೇಷ್ಟ್ರು ಗಡಿಯಾರ ನೋಡಲಿಲ್ಲ.

ಮಧ್ಯಾಹ್ನ ಊಟದ ಗಾಡಿ ಬಂದಾಗ ಗಾಜಮ್ಮನಿಗೆ ಹಳೆಯ ಅಧಿಕಾರ ನೆನಪಾಯಿತು. “ಸಕ್ಕರೆ ಕಾಯಿಲೆ ಇಟ್ಕೊಂಡು ಹೀಗೆ ಹಸಿದು ಕೂತಿದೀರಲ್ಲ, ಏಳಿ, ಊಟ ಮಾಡ್ಕೊಂಡು ಬನ್ನಿ.” ಮೇಷ್ಟ್ರು ಜಗ್ಗಲಿಲ್ಲ. ಕೊಟ್ಟ ಮಾತಿಗೆ ಇನ್ನೂ ಎರಡು ಗಂಟೆಯೂ ಆಗಿರಲಿಲ್ಲ.

ಪುಸ್ತಕ ಮುಚ್ಚಿ ಏಳುತ್ತಿದ್ದ ದರ್ಜಿ ಈ ಕಡೆ ಬಂದ. “ಹೋಗಿ ಬನ್ನಿ ಮೇಷ್ಟ್ರೇ. ಅಷ್ಟು ಹೊತ್ತು ನಾನು ಕೂರ್ತೀನಿ.”

ಮೇಷ್ಟ್ರು ಅವನನ್ನು ಪಕ್ಕಕ್ಕೆ ಕರೆದರು. “ನೋಡಿ, ರಿಜಿಸ್ಟರ್ ಕಂಡಿದೀರಿ. ನೀವು ಗೆದ್ದಿರಿ, ಒಪ್ಪಿದೆ. ಅಲ್ಲಿಗೆ ಬಿಟ್ಟುಬಿಡಿ.”

“ಎಲ್ಲಿ ಗೆದ್ದೆ?” ದರ್ಜಿ ನಿಜವಾಗಿಯೂ ಆಶ್ಚರ್ಯಪಟ್ಟ. “ನಿಮ್ದು ಧರ್ಮ ಆಗಿದ್ರೆ ಈ ಹೊತ್ತಿಗೆ ಇನ್ನೂ ನಾಲ್ಕು ಜನ ಬಂದು ನಿಮ್ಮನ್ನ ಎಬ್ಬಿಸಿ ಊಟಕ್ಕೆ ಕಳಿಸ್ತಿದ್ರು. ನಮ್ಮಲ್ಲಿ ಸರದಿ ಇದೆ. ನೀವೊಬ್ಬರೇ ಬಂದಿದೀರಿ. ಒಬ್ಬ ಮನುಷ್ಯ ಎಷ್ಟು ಹೊತ್ತು ಕೂರಬಹುದು? ಹೋಗಿ. ನಾನು ಪುಸ್ತಕ ತೆಗೆಯಲ್ಲ, ಬರೀ ಕೂರ್ತೀನಿ.”

ಬೇರೆ ದಾರಿಯಿರಲಿಲ್ಲ, ಮೇಷ್ಟ್ರ ತಲೆ ಆಗಲೇ ತಿರುಗುತ್ತಿತ್ತು. ಕ್ಯಾಂಟೀನಿನಲ್ಲಿ ಆತುರಾತುರವಾಗಿ ನಾಲ್ಕು ತುತ್ತು ತಿಂದರು. ಇದೆಂಥ ಕೆಲಸ ಮಾಡಿದೆ ಎಂದು ತಮ್ಮನ್ನೇ ಬೈದುಕೊಂಡರು. ಪುಸ್ತಕ ತೆಗೆಯಲ್ಲ ಅಂದರೇನಾಯಿತು, ದರ್ಜಿಗೆ ವರ್ಷಗಟ್ಟಲೆಯ ಅಭ್ಯಾಸ, ಬಾಯಿಪಾಠ ಇರುವುದಿಲ್ಲವೇ? ಅವಳಿಗೋ ಭಯ. ಭಯವಾದವರಿಗೆ ಆ ನೋವಿಲ್ಲದ ಊರಿನ ದಾರಿ ಯಾರು ತೋರಿಸಿದರೂ ಹೋಗುತ್ತಾರೆ. ಹೋಗಲಿ, ಅವಳಿಗೆ ನೆಮ್ಮದಿ ಸಿಗುವುದಾದರೆ ಸಿಗಲಿ, ನನ್ನದೇನು ಗಂಟು ಎಂದೂ ಅಂದುಕೊಂಡರು. ಆದರೂ ಹೊಟ್ಟೆ ಉರಿಯಿತು. ಅರ್ಧ ತಟ್ಟೆ ಬಿಟ್ಟು, ದರ್ಜಿಗೆಂದು ಒಂದು ಲೋಟ ಟೀ ಹಿಡಿದುಕೊಂಡು ಮೆಟ್ಟಿಲು ಹತ್ತಿದರು.

ವಾರ್ಡಿನ ಬಾಗಿಲು ಅರ್ಧ ತೆರೆದಿತ್ತು. ಪುಸ್ತಕ ಕಿಟಕಿಯ ಕಟ್ಟೆಯ ಮೇಲೆ, ಕೈಗೆ ಸಿಗದಷ್ಟು ದೂರದಲ್ಲಿತ್ತು. ದರ್ಜಿ ಸ್ಟೂಲಿನ ಮೇಲೆ ಬಗ್ಗಿ ಕೂತು, ಅಂಗಿಯ ತೋಳು ಮಡಿಸಿ, ತನ್ನ ಬಲಗೈಯನ್ನು ಹಾಸಿಗೆಯ ಮೇಲೆ ಚಾಚಿದ್ದ. ಗಾಜಮ್ಮ ಅದನ್ನು ಎರಡೂ ಕೈಯಿಂದ ಹಿಡಿದು ಒತ್ತಿ ಒತ್ತಿ ತೋರಿಸುತ್ತಿದ್ದಳು.

“ಮೇಲೆ ಒಂದು ಮೂಳೆ. ಮೊಣಕೈ ಕೆಳಗೆ ಎರಡು, ತಿರುಗಿಸಿ ನೋಡಿ, ಒಂದರ ಮೇಲೊಂದು ಹೊರಳುತ್ತಲ್ಲ? ಇಲ್ಲಿ ಸಣ್ಣ ಸಣ್ಣವು. ಆಮೇಲೆ ಬೆರಳು ಐದು. ಬಾವಲಿ ರೆಕ್ಕೆಯಲ್ಲೂ ಇದೇ ಲೆಕ್ಕ. ತಿಮಿಂಗಿಲದ ಈಜುರೆಕ್ಕೆಯಲ್ಲೂ ಇದೇ.”

“ತಿಮಿಂಗಿಲಕ್ಕೆ ಬೆರಳಾ?” ದರ್ಜಿ ಕೇಳಿದ.

“ಒಳಗಿರುತ್ತೆ. ಚರ್ಮ ಮುಚ್ಚಿರುತ್ತೆ, ಕಾಣಲ್ಲ. ಕೈಗವಸು ಹೊಲಿದ ಹಾಗೆ.”

ದರ್ಜಿ ಕತ್ತರಿ ಹಿಡಿದು ಹಿಡಿದು ಗಂಟುಕಟ್ಟಿದ ತನ್ನ ಬೆರಳುಗಳನ್ನು ಅಗಲಿಸಿ, ಬೆಳಕಿಗೆ ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿದ. ನೋಡಿಯಾದ ಮೇಲೆ ಕೈಯನ್ನು ಮತ್ತೆ ಅವಳ ಕೈಗೇ ಕೊಟ್ಟ.

“ಇನ್ನೊಂದು ಸಲ ಹೇಳಿ,” ಅಂದ. “ಮೇಲೆ ಒಂದು. ಆಮೇಲೆ?”

ಟೀ ಆರುತ್ತಿತ್ತು. ಮೇಷ್ಟ್ರು ಬಾಗಿಲಲ್ಲೇ ನಿಂತರು. ಪಾಠದ ಮಧ್ಯೆ ತರಗತಿಗೆ ನುಗ್ಗುವ ಅಭ್ಯಾಸ ಅವರಿಗಿರಲಿಲ್ಲ.